ಹಡಗಿನ ಪ್ರವಾಸ: ಜಾಹೀರಾತಿನ ದರ ಮತ್ತು ಜೇಬಿನ ಲೆಕ್ಕ

ಗೊಬ್ಬರ, ಬಿತ್ತನೆ ಬೀಜ, ಸಿಮೆಂಟ್, ಪಂಪ್‌ಸೆಟ್, ಬಣ್ಣ, ಟೈರ್ ಮೊದಲಾದ ವಸ್ತುಗಳ ವಿತರಣೆಯಲ್ಲಿ ತೊಡಗಿರುವ ಹೊಸಪೇಟೆ, ಕಂಪ್ಲಿ ಮತ್ತು ಸಂಡೂರಿನ ವರ್ತಕರಿಗೆ ‘ಕಂಪನಿ ಟೂರ್’ ಹೊಸ ಮಾತಲ್ಲ. ವರ್ಷದ ಗುರಿ ಮುಟ್ಟಿದ ಡೀಲರನನ್ನು ಕಂಪನಿಯು ಬ್ಯಾಂಕಾಕಿಗೋ ಸಿಂಗಪುರಕ್ಕೋ ಕರೆದೊಯ್ಯುವುದು ಈ ಭಾಗದ ವ್ಯಾಪಾರದಲ್ಲಿ ಬಹು ವರ್ಷಗಳಿಂದ ನಡೆದುಬಂದಿರುವ ರೂಢಿ. ಆ ಪಟ್ಟಿಗೆ ಹಡಗಿನ ಪ್ರವಾಸವೂ ಸೇರಿದೆ. ಅಂಗಡಿಯ ಯಜಮಾನರು ಕಂಪನಿಯ ಖರ್ಚಿನಲ್ಲಿ ಮೂರು ರಾತ್ರಿ ಕಡಲಿನ ಮೇಲೆ ಕಳೆದು ಬರುತ್ತಾರೆ. ಮನೆಯಲ್ಲಿ ಛಾಯಾಚಿತ್ರಗಳನ್ನು ತೋರಿಸುತ್ತಾರೆ. ಮಡದಿ ಮಕ್ಕಳು ತಮಗೂ ಅಂಥದೊಂದು ಪ್ರವಾಸ ಬೇಕೆಂದು ಕೇಳುತ್ತಾರೆ. ಪುಕ್ಕಟೆಯಾಗಿ ಕಂಡಿದ್ದ ವಸ್ತುವಿನ ನಿಜವಾದ ಬೆಲೆಯೇನೆಂಬ ಪ್ರಶ್ನೆ ಅಲ್ಲಿಂದ ಆರಂಭವಾಗುತ್ತದೆ.

ಪುಕ್ಕಟೆಯೆಂಬ ಮಾತೂ ಪೂರ್ಣ ಸತ್ಯವಲ್ಲ. ವ್ಯಾಪಾರದ ನಿಮಿತ್ತ ದೊರೆಯುವ ಇಂಥ ಸೌಲಭ್ಯಗಳ ಮೌಲ್ಯವು ವರ್ಷಕ್ಕೆ 20,000 ರೂಪಾಯಿ ಮೀರಿದರೆ ಅದರ ಮೇಲೆ ಶೇ. 10ರಷ್ಟು ತೆರಿಗೆಯನ್ನು ಮೂಲದಲ್ಲೇ ಮುರಿದುಕೊಳ್ಳುವ ಕ್ರಮವು ಆದಾಯ ತೆರಿಗೆ ಕಾಯಿದೆಯ 194ಆರ್ ಕಲಮಿನ ಮೂಲಕ 2022ರ ಜುಲೈ 1ರಿಂದ ಜಾರಿಗೆ ಬಂದಿತು. ಅಂದರೆ ಡೀಲರನ ಪ್ರವಾಸವು ಅವನ ಆದಾಯದ ಭಾಗವೆಂದು ಸರಕಾರವೇ ಗುರುತಿಸಿದಂತಾಯಿತು. ಹೀಗಿರುವಾಗ ಕಂಪನಿ ಕರೆದೊಯ್ದ ಹಡಗನ್ನೇ ಮತ್ತೆ ಹುಡುಕುವ ಬದಲು, ಕುಟುಂಬಕ್ಕೆ ಒಪ್ಪುವ ಪ್ರವಾಸವನ್ನು ತಾನೇ ಆರಿಸಿ, ತಾನೇ ಲೆಕ್ಕ ಹಾಕಿ, ತಾನೇ ಕಾದಿರಿಸುವುದು ವರ್ತಕನಿಗೆ ಹೆಚ್ಚು ಲಾಭಕರ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಪಾಲಿಸುವುದಕ್ಕೆ ಮೊದಲು ಹಾಸಿಗೆಯ ಅಳತೆ ತಿಳಿದಿರಬೇಕು. ಹಡಗಿನ ವ್ಯಾಪಾರದಲ್ಲಿ ಆ ಅಳತೆಯನ್ನು ಮರೆಮಾಚುವ ಚಾತುರ್ಯ ಸಾಕಷ್ಟಿದೆ.

ಒಣನಾಡಿನಿಂದ ಬಂದರಿಗೆ

ಹೊಸಪೇಟೆಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧ ಹಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗುಂತಕಲ್, ಬಳ್ಳಾರಿ, ಹೊಸಪೇಟೆ, ಹುಬ್ಬಳ್ಳಿಗಳನ್ನು ಗೋವೆಯ ಮುರ್ಮುಗೋವಾ ಬಂದರಿನೊಡನೆ ಬೆಸೆದ ರೈಲುಮಾರ್ಗವೇ ಅದಕ್ಕೆ ಸಾಕ್ಷಿ. ಸಂಡೂರಿನ ಬೆಟ್ಟಗಳ ಅದಿರು ಹಲವು ದಶಕಗಳ ಕಾಲ ಬಂದರುಗಳತ್ತ ಹರಿಯಿತು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿದಾಗ ಲಾರಿಗಳು ಸಾಲಾಗಿ ನಿಂತದ್ದನ್ನೂ, ಹೊಟೇಲು, ಗ್ಯಾರೇಜು, ಪೆಟ್ರೋಲ್ ಬಂಕುಗಳ ವ್ಯಾಪಾರ ಕುಸಿದದ್ದನ್ನೂ ಈ ಭಾಗದ ವರ್ತಕರು ಮರೆತಿಲ್ಲ. ಪ್ರವಾಸೋದ್ಯಮವೂ ಒಂದು ಗಂಭೀರ ಉದ್ಯಮವೆಂಬ ಅರಿವು ಅನೇಕರಲ್ಲಿ ಮೂಡಿದ್ದು ಆ ದಿನಗಳಲ್ಲಿ.

ಅದಿರು ಸಾಗಿದ ಆ ಹಳಿಯ ಮೇಲೆಯೇ ಇಂದು ಕುಟುಂಬವೊಂದು ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ವಾಸ್ಕೋಗೆ ಹೋಗಬಹುದು. ಪಶ್ಚಿಮ ಕರಾವಳಿಯಲ್ಲಿ ಮುಂಬೈ, ಮುರ್ಮುಗೋವಾ, ನವಮಂಗಳೂರು, ಕೊಚ್ಚಿ ಮತ್ತು ಪೂರ್ವ ಕರಾವಳಿಯಲ್ಲಿ ಚೆನ್ನೈ ಬಂದರುಗಳಿಗೆ ವಿಹಾರದ ಹಡಗುಗಳು ಬಂದುಹೋಗುತ್ತವೆ. ಇವುಗಳಲ್ಲಿ ನವಮಂಗಳೂರು ಕರ್ನಾಟಕದ್ದೇ ಆದರೂ ಅಲ್ಲಿಗೆ ಬರುವ ಹಡಗುಗಳಲ್ಲಿ ಹೆಚ್ಚಿನವು ಹೊರದೇಶದ ಪ್ರವಾಸಿಗರನ್ನು ಒಂದು ಹಗಲಿನ ಮಟ್ಟಿಗೆ ಇಳಿಸಿ ಸಂಜೆಗೆ ಮುಂದೆ ಸಾಗುತ್ತವೆ. ಹಡಗು ಹತ್ತಬಯಸುವ ಈ ಭಾಗದ ಕುಟುಂಬಕ್ಕೆ ಮುಂಬೈ, ಕೊಚ್ಚಿ ಮತ್ತು ಚೆನ್ನೈಗಳೇ ಪ್ರಾಯೋಗಿಕವಾದ ಬಾಗಿಲುಗಳು.

ಕೇಂದ್ರ ಸರಕಾರವು 2024ರ ಸೆಪ್ಟೆಂಬರ್ 30ರಂದು ಮುಂಬೈಯಲ್ಲಿ ‘ಕ್ರೂಸ್ ಭಾರತ್ ಮಿಷನ್’ ಎಂಬ ಯೋಜನೆಗೆ ಚಾಲನೆ ನೀಡಿತು. 2029ರ ವೇಳೆಗೆ ಸಮುದ್ರ ವಿಹಾರದ ಪ್ರಯಾಣಿಕರ ಸಂಖ್ಯೆಯನ್ನು 10 ಲಕ್ಷಕ್ಕೆ ಏರಿಸುವುದು ಅದರ ಗುರಿ. ಇಷ್ಟು ಜನರು ಮಹಾನಗರಗಳಿಂದಲೇ ಬರಲಾರರು. ಹೊಸಪೇಟೆಯಂಥ ಊರುಗಳ ಮಧ್ಯಮ ವರ್ಗದ ಕಡೆಗೆ ಕಂಪನಿಗಳು ತಿರುಗುವುದು ನಿಶ್ಚಿತ. ತಿರುಗಿದಾಗ ಗ್ರಾಹಕನು ಸಿದ್ಧನಾಗಿರಬೇಕು.

‘ತಲೆಗೆ ಇಷ್ಟರಿಂದ’ ಎಂಬ ಮಾತಿನ ಅರ್ಥ

ಹಡಗಿನ ಜಾಹೀರಾತುಗಳಲ್ಲಿ ಕಾಣುವ ದರಕ್ಕೆ ಮೂರು ಷರತ್ತುಗಳು ಅಂಟಿಕೊಂಡಿರುತ್ತವೆ. ಒಂದು, ಅದು ಒಂದು ಕೊಠಡಿಯಲ್ಲಿ ಇಬ್ಬರು ಇರುವರೆಂದು ಭಾವಿಸಿ ತಲೆಗೆ ಹೇಳಿದ ದರ. ಒಬ್ಬರೇ ಹೋದರೆ ಬಹುತೇಕ ಇಬ್ಬರ ಹಣವನ್ನೇ ತೆರಬೇಕಾಗಬಹುದು. ಎರಡು, ಅದು ಕಿಟಕಿಯಿಲ್ಲದ ಒಳಕೊಠಡಿಯ ದರ. ಕಿಟಕಿ, ಬಾಲ್ಕನಿ, ಸೂಟ್ ಎಂದು ಮೇಲೇರಿದಂತೆ ದರವೂ ಏರುತ್ತದೆ. ಮೂರು, ಬಂದರು ಶುಲ್ಕ, ತೆರಿಗೆ ಮತ್ತು ಸಿಬ್ಬಂದಿಯ ಭಕ್ಷೀಸು ಅದರಲ್ಲಿ ಅಡಕವಾಗಿರುವುದು ಅಪರೂಪ. ವಿದೇಶಿ ಹಡಗುಗಳಲ್ಲಂತೂ ತಲೆಗೆ ದಿನಕ್ಕೆ ಇಷ್ಟೆಂದು ಭಕ್ಷೀಸನ್ನು ಪ್ರಯಾಣಿಕನ ಖಾತೆಗೆ ತಾನಾಗಿಯೇ ಹಾಕುವ ಪದ್ಧತಿ ಸಾಮಾನ್ಯ.

ಒಂದು ಕಾಲ್ಪನಿಕ ಉದಾಹರಣೆಯಿಂದ ವಿಷಯ ಸ್ಪಷ್ಟವಾದೀತು. ಇದು ಯಾವ ಕಂಪನಿಯ ದರವೂ ಅಲ್ಲ. ಲೆಕ್ಕದ ರೀತಿಯನ್ನು ತೋರಿಸುವುದಕ್ಕಷ್ಟೇ ಇಟ್ಟುಕೊಂಡ ಅಂಕಿಗಳು. ಮುಂಬೈಯಿಂದ ಮೂರು ರಾತ್ರಿಗಳ ಪ್ರವಾಸಕ್ಕೆ ‘ತಲೆಗೆ 15,000 ರೂಪಾಯಿಯಿಂದ’ ಎಂದು ಜಾಹೀರಾತು ಇದೆಯೆನ್ನೋಣ. ದಂಪತಿ ಮತ್ತು ಇಬ್ಬರು ಮಕ್ಕಳ ಕುಟುಂಬವು ನಾಲ್ಕು ತಲೆಗೆ 60,000 ರೂಪಾಯಿ ಎಂದು ಎಣಿಸಿ ನಿರ್ಧಾರಕ್ಕೆ ಬರುತ್ತದೆ. ನಿಜದಲ್ಲಿ ಮೊದಲ ಇಬ್ಬರಿಗೆ 30,000, ಅದೇ ಕೊಠಡಿಯ ಮೂರನೆಯ ಮತ್ತು ನಾಲ್ಕನೆಯ ಹಾಸಿಗೆಗೆ ರಿಯಾಯಿತಿ ದರದಲ್ಲಿ 9,000ದಂತೆ 18,000, ಒಟ್ಟು 48,000 ಆಗಬಹುದು. ಇಲ್ಲಿಯವರೆಗೆ ಲಾಭವೇ. ಬಳಿಕ ಬಂದರು ಶುಲ್ಕ ತಲೆಗೆ 2,500ರಂತೆ 10,000, ತೆರಿಗೆ 6,000, ಭಕ್ಷೀಸು ತಲೆಗೆ ರಾತ್ರಿಗೆ 500ರಂತೆ 6,000. ಮೊತ್ತ 70,000ಕ್ಕೆ ಏರಿತು. ಹೊಸಪೇಟೆಯಿಂದ ಮುಂಬೈಗೆ ಹೋಗಿಬರುವ ರೈಲು, ಅಲ್ಲಿ ಒಂದು ರಾತ್ರಿಯ ವಸತಿ ಮತ್ತು ಟ್ಯಾಕ್ಸಿಗೆ 14,000; ಬಂದರಿನಲ್ಲಿ ಇಳಿದು ಊರು ನೋಡುವುದಕ್ಕೆ, ಹಡಗಿನ ಇಂಟರ್ನೆಟ್, ಛಾಯಾಚಿತ್ರ, ಪಾನೀಯಗಳಿಗೆ 12,000. ಕೊನೆಯ ಮೊತ್ತ 96,000 ರೂಪಾಯಿ. ಮೊದಲ ಎಣಿಕೆಗಿಂತ 36,000 ಹೆಚ್ಚು, ಅಂದರೆ ಶೇ. 60ರಷ್ಟು ಏರಿಕೆ.

ಈ ಮೊತ್ತವನ್ನು ಕಂಡು ಹಡಗಿನ ಪ್ರವಾಸವೇ ಬೇಡವೆಂದು ತೀರ್ಮಾನಿಸಬೇಕಿಲ್ಲ. ಮೂರು ರಾತ್ರಿಯ ವಸತಿ, ಮೂರು ಹೊತ್ತಿನ ಊಟ, ಮನರಂಜನೆ, ಒಂದೂರಿನಿಂದ ಮತ್ತೊಂದೂರಿಗೆ ಪ್ರಯಾಣ ಇವೆಲ್ಲ ಸೇರಿ ತಲೆಗೆ ರಾತ್ರಿಗೆ 8,000 ರೂಪಾಯಿ ಬಿದ್ದಂತಾಯಿತು. ಉತ್ತಮ ದರ್ಜೆಯ ಹೊಟೇಲಿನೊಡನೆ ಹೋಲಿಸಿ ಇದು ಒಪ್ಪಿಗೆಯೋ ಅಲ್ಲವೋ ಎಂಬುದನ್ನು ಆಯಾ ಕುಟುಂಬವೇ ನಿರ್ಧರಿಸಬೇಕು. ಆದರೆ ಆ ನಿರ್ಧಾರವು 96,000ದ ಲೆಕ್ಕವನ್ನು ಮುಂದಿಟ್ಟುಕೊಂಡು ಆಗಬೇಕು. 60,000 ಎಂದು ನಂಬಿ ಹೊರಟು, ಉಳಿದದ್ದನ್ನು ಕ್ರೆಡಿಟ್ ಕಾರ್ಡಿನ ಸಾಲದಲ್ಲಿ ತೀರಿಸುವ ಕುಟುಂಬಕ್ಕೆ ಪ್ರವಾಸದ ಸಂತೋಷಕ್ಕಿಂತ ಕಂತಿನ ಚಿಂತೆಯೇ ಹೆಚ್ಚು ದಿನ ಉಳಿಯುತ್ತದೆ.

ಅಗ್ಗವಾಗಿ ದೊರಕಿಸುವ ದಾರಿ

ಹಡಗು ಹೊರಟ ಮೇಲೆ ಖಾಲಿ ಕೊಠಡಿಯಿಂದ ಕಂಪನಿಗೆ ಬಿಡಿಗಾಸೂ ಹುಟ್ಟುವುದಿಲ್ಲ. ಸಂಜೆಯ ವೇಳೆಗೆ ಉಳಿದ ತರಕಾರಿಯನ್ನು ಮಾರುಕಟ್ಟೆಯಲ್ಲಿ ಬಂದ ಬೆಲೆಗೆ ಕೊಡುವ ಹಾಗೆಯೇ ಕಂಪನಿಗಳೂ ಖಾಲಿ ಕೊಠಡಿಗಳನ್ನು ತುಂಬಲು ದರ ಇಳಿಸುತ್ತವೆ. ಯಾವಾಗ ಇಳಿಸುತ್ತವೆ ಎಂಬುದನ್ನು ಅರಿತವನಿಗೆ ಅಗ್ಗದ ಪ್ರವಾಸ ಸಿಗುತ್ತದೆ. ದೀಪಾವಳಿ, ಕ್ರಿಸ್ಮಸ್, ಬೇಸಿಗೆ ರಜೆಗಳಲ್ಲಿ ದರ ಗಗನದಲ್ಲಿರುತ್ತದೆ. ವಾರಾಂತ್ಯಕ್ಕೆ ಹೋಲಿಸಿದರೆ ವಾರದ ನಡುವಿನ ಪಯಣಗಳು ಸಾಮಾನ್ಯವಾಗಿ ಅಗ್ಗ. ಅಂತರರಾಷ್ಟ್ರೀಯ ಕಂಪನಿಗಳು ಜನವರಿಯಿಂದ ಮಾರ್ಚ್‌ವರೆಗೆ ಮುಂದಿನ ಋತುವಿನ ಕೊಡುಗೆಗಳನ್ನು ಪ್ರಕಟಿಸುವುದು ವಾಡಿಕೆ. ಇಂಥದೇ ಕೊಠಡಿ ಬೇಕೆನ್ನದೆ ಆಯ್ಕೆಯನ್ನು ಕಂಪನಿಗೇ ಬಿಟ್ಟರೆ ಮತ್ತಷ್ಟು ಕಡಿಮೆಯಾಗಬಹುದು.

ಕೊನೆಯ ಗಳಿಗೆಯ ರಿಯಾಯಿತಿಯನ್ನು ಕಾಯುವುದು ಮುಂಬೈ, ಚೆನ್ನೈ ನಿವಾಸಿಗಳಿಗೆ ಸರಿ. ಹೊಸಪೇಟೆಯವರಿಗೆ ರೈಲಿನ ಟಿಕೆಟ್ಟು ಸಿಗದೆ, ತತ್ಕಾಲ್ ದರವನ್ನೋ ವಿಮಾನದ ದುಬಾರಿ ದರವನ್ನೋ ತೆತ್ತು ಉಳಿಸಿದ್ದನ್ನೆಲ್ಲ ಕಳೆದುಕೊಳ್ಳುವ ಸಂಭವವೇ ಹೆಚ್ಚು. ಒಳನಾಡಿನವರಿಗೆ ಬೇಗ ಕಾದಿರಿಸುವುದೇ ಲೇಸು. ಹಡಗು ಹೊರಡುವ ಹಿಂದಿನ ದಿನವೇ ಬಂದರಿನ ಊರನ್ನು ಸೇರಬೇಕೆಂಬುದೂ ಇಲ್ಲಿಯವರಿಗೆ ಅನಿವಾರ್ಯ ನಿಯಮ. ತಡವಾದ ರೈಲಿಗಾಗಿ ಹಡಗು ಕಾಯುವುದಿಲ್ಲ. ತಪ್ಪಿದ ಹಡಗಿನ ಹಣ ಮರಳುವುದೂ ಇಲ್ಲ.

ಐಷಾರಾಮದ ಖಾಸಗಿ ಹಡಗೊಂದೇ ಹಡಗಲ್ಲ ಎಂಬುದನ್ನೂ ನೆನಪಿಡಬೇಕು. ಚೆನ್ನೈನಿಂದ ಅಂಡಮಾನಿನ ಶ್ರೀ ವಿಜಯಪುರಂಗೆ, ಅಂದರೆ 2024ರ ಸೆಪ್ಟೆಂಬರ್‌ವರೆಗೆ ಪೋರ್ಟ್ ಬ್ಲೇರ್ ಎಂದು ಕರೆಯಲಾಗುತ್ತಿದ್ದ ಊರಿಗೆ, ಸರಕಾರಿ ಪ್ರಯಾಣಿಕ ಹಡಗುಗಳು ಹೋಗುತ್ತವೆ. ಬಂಕ್‌ನಿಂದ ಡೀಲಕ್ಸ್ ಕೊಠಡಿಯವರೆಗೆ ದರ್ಜೆಗಳಿವೆ. ಪಯಣಕ್ಕೆ ಎರಡೂವರೆಯಿಂದ ಮೂರು ದಿನ ಹಿಡಿಯುತ್ತದೆ. ಈಜುಕೊಳ, ನಾಟ್ಯಶಾಲೆ ಇಲ್ಲ. ವೇಳಾಪಟ್ಟಿ ಬದಲಾಗುವ ಸಾಧ್ಯತೆಯೂ ಉಂಟು. ಆದರೂ ತೆರೆದ ಕಡಲನ್ನು ಕಡಿಮೆ ಖರ್ಚಿನಲ್ಲಿ ಕಾಣಬಯಸುವವರಿಗೆ ಅದು ಗೌರವದ ಆಯ್ಕೆ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಅಲ್ಲಿನ ಆಡಳಿತದ ಪ್ರವಾಸ ಸಂಸ್ಥೆಯು ‘ಸಮುದ್ರಂ’ ಹೆಸರಿನ ಪ್ರವಾಸವನ್ನು ರೂಪಿಸಿದೆ. ರಾತ್ರಿ ಹಡಗಿನಲ್ಲಿ ಮಲಗಿ ಹಗಲು ಕವರಟ್ಟಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳನ್ನು ನೋಡುವ ಕ್ರಮ ಅದರದು. ದ್ವೀಪಗಳಿಗೆ ಪ್ರವೇಶ ಪರವಾನಗಿ ಬೇಕು. ಅದನ್ನು ಪಡೆದುಕೊಡುವ ಹೊಣೆ ಯಾರದೆಂದು ಹಣ ಕಟ್ಟುವ ಮೊದಲೇ ತಿಳಿದುಕೊಳ್ಳಬೇಕು. ಇನ್ನೂ ಸಣ್ಣ ಮೊತ್ತದಲ್ಲಿ ನೀರಿನ ಮೇಲಿನ ವಿಹಾರ ಬೇಕೆನ್ನುವವರಿಗೆ ಆಲಪ್ಪುಳದ ಸರಕಾರಿ ದೋಣಿಗಳೂ, ಪಣಜಿಯ ಮಾಂಡೋವಿ ನದಿಯ ಸಂಜೆ ವಿಹಾರವೂ ಇವೆ.

ನೀರಿನ ಮೇಲಿನ ಪ್ರವಾಸವೆಲ್ಲ ಜನಸಾಮಾನ್ಯರಿಗೆ ಎಟಕುವಂಥದ್ದೇನೂ ಅಲ್ಲ. 2023ರ ಜನವರಿ 13ರಂದು ವಾರಾಣಸಿಯಿಂದ ದಿಬ್ರುಗಢಕ್ಕೆ 51 ದಿನಗಳ ಪಯಣ ಹೊರಟ ‘ಗಂಗಾ ವಿಲಾಸ್’ ನೌಕೆಯಲ್ಲಿ ಇದ್ದದ್ದು 18 ಸೂಟ್‌ಗಳು, 36 ಪ್ರವಾಸಿಗರಿಗೆ ಜಾಗ. ಅಂಥವು ಸುದ್ದಿಯಾಗುತ್ತವೆ, ಕುಟುಂಬಗಳ ಅಗತ್ಯವನ್ನು ಪೂರೈಸುವುದಿಲ್ಲ.

ಮುಂಗಡದ ಭದ್ರತೆ

ದರಕ್ಕಿಂತಲೂ ಮುಖ್ಯವಾದುದು ಕೊಟ್ಟ ಹಣದ ಭದ್ರತೆ. ಹಡಗಿನ ಉದ್ಯಮದಲ್ಲಿ ದೊಡ್ಡ ಹೆಸರುಗಳೂ ಮುಳುಗಿವೆ. 2019ರ ಏಪ್ರಿಲ್‌ನಲ್ಲಿ ಮುಂಬೈಯಿಂದ ಸಂಚಾರ ಆರಂಭಿಸಿದ ಜಲೇಶ್ ಕ್ರೂಸಸ್ ಕೋವಿಡ್ ಹೊಡೆತಕ್ಕೆ ಸಿಕ್ಕಿ ಮರುವರ್ಷವೇ ಮುಚ್ಚಿತು. ಅದರ ‘ಕರ್ಣಿಕಾ’ ಹಡಗು 2020ರಲ್ಲೇ ಗುಜರಾತಿನ ಅಲಂಗ್‌ನ ಹಡಗು ಒಡೆಯುವ ಅಂಗಳ ಸೇರಿತು. ಸ್ಟಾರ್ ಕ್ರೂಸಸ್ ಹೆಸರಿನಲ್ಲಿ ಸಿಂಗಪುರದಿಂದ ಭಾರತೀಯರನ್ನು ಹಲವು ವರ್ಷ ಕರೆದೊಯ್ದ ಗೆಂಟಿಂಗ್ ಹಾಂಗ್‌ಕಾಂಗ್ ಸಂಸ್ಥೆಯು 2022ರ ಜನವರಿಯಲ್ಲಿ ದಿವಾಳಿಯ ಹಾದಿ ಹಿಡಿಯಿತು. 2021ರ ಸೆಪ್ಟೆಂಬರ್‌ನಲ್ಲಿ ಮುಂಬೈಯಿಂದ ಆರಂಭವಾದ ಕಾರ್ಡೇಲಿಯಾ ಕ್ರೂಸಸ್ ಗೋವಾ, ಲಕ್ಷದ್ವೀಪ, ಕೊಚ್ಚಿ ಮಾರ್ಗಗಳಲ್ಲಿ ಸಂಚರಿಸಿ ದೇಶೀಯ ಹಡಗು ವಿಹಾರಕ್ಕೆ ಮತ್ತೆ ಜೀವ ತಂದಿತು. ಆದರೂ ಒಂದು ವರ್ಷ ಮೊದಲೇ ಪೂರ್ತಿ ಹಣ ಕಟ್ಟುವ ಗ್ರಾಹಕನು ಯಾವುದೇ ಕಂಪನಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತೆಯೇ ಎಂಬುದನ್ನು ಉದ್ದರಿ ವ್ಯಾಪಾರದ ಕಷ್ಟನಷ್ಟ ಬಲ್ಲ ವರ್ತಕರಿಗೆ ವಿವರಿಸಬೇಕಾಗಿಲ್ಲ.

ಆದುದರಿಂದ ಕೆಲವು ಎಚ್ಚರಗಳು ಅಗತ್ಯ. ಹಣವನ್ನು ಸಂಸ್ಥೆಯ ಖಾತೆಗೇ ಕಟ್ಟಬೇಕು. ವ್ಯಕ್ತಿಯ ಖಾತೆಗೆ ಕಳುಹಿಸಬಾರದು. ಸಾಧ್ಯವಾದಷ್ಟೂ ಕಂತುಗಳಲ್ಲಿ ಪಾವತಿಸಬೇಕು. ಏಜೆಂಟರು ಕೊಟ್ಟ ಬುಕಿಂಗ್ ಸಂಖ್ಯೆಯನ್ನು ಹಡಗು ಕಂಪನಿಯಲ್ಲಿ ನೇರವಾಗಿ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು. ಜಿಎಸ್‌ಟಿ ಸಂಖ್ಯೆಯುಳ್ಳ ರಸೀದಿ ಪಡೆಯಬೇಕು. ಪ್ರವಾಸ ರದ್ದಾದರೆ ಎಷ್ಟು ದಿನ ಮೊದಲು ಎಷ್ಟು ಹಣ ಮರಳುತ್ತದೆಂಬ ಪಟ್ಟಿಯನ್ನು ಬರಹದಲ್ಲಿ ಕೇಳಬೇಕು. ವಿದೇಶಿ ಮಾರ್ಗವಾದರೆ ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿದೆಯೇ, ಹತ್ತುವ ಮತ್ತು ತಂಗುವ ಪ್ರತಿಯೊಂದು ಬಂದರಿನ ವೀಸಾ ನಿಯಮವೇನು ಎಂಬುದನ್ನು ನೋಡಬೇಕು. ವಿದೇಶಿ ಪ್ರವಾಸದ ಪ್ಯಾಕೇಜುಗಳ ಮೇಲೆ 2020ರ ಅಕ್ಟೋಬರ್ 1ರಿಂದ ಮೂಲದಲ್ಲಿ ತೆರಿಗೆ ಸಂಗ್ರಹದ ಕ್ರಮ ಬಂದಿದ್ದು, ಅದರ ದರ ಹಲವು ಬಾರಿ ಬದಲಾಗಿದೆ. ಆ ಹಣವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದಾದರೂ ಹೊರಡುವಾಗ ಕೈಯಲ್ಲಿ ಇರಲೇಬೇಕು.

ಕಾನೂನು ಗ್ರಾಹಕನ ಪರವಾಗಿ ಬಲಗೊಂಡಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಗ್ರಾಹಕನು ತಾನು ವಾಸಿಸುವ ಅಥವಾ ದುಡಿಯುವ ಸ್ಥಳದ ಜಿಲ್ಲಾ ಆಯೋಗದಲ್ಲೇ ದೂರು ಸಲ್ಲಿಸಬಹುದು. ಮುಂಬೈ ಕಂಪನಿಯ ಮೇಲೆ ದೂರು ಕೊಡಲು ಮುಂಬೈಗೆ ಅಲೆಯಬೇಕಾಗಿಲ್ಲ. ಮೊದಲು ಕಡಿಮೆ ದರ ತೋರಿಸಿ ಕೊನೆಗೆ ಒಂದೊಂದಾಗಿ ಶುಲ್ಕ ಸೇರಿಸುವುದು, ‘ಇನ್ನೆರಡೇ ಕೊಠಡಿ ಉಳಿದಿವೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೇಳದ ಸೇವೆಯನ್ನು ಬಿಲ್ಲಿಗೆ ತುರುಕುವುದು ಮೊದಲಾದ 13 ಬಗೆಯ ವಂಚಕ ತಂತ್ರಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ.

ಸ್ಥಳೀಯ ಏಜೆಂಟರ ಪಾತ್ರ

ಎಲ್ಲವನ್ನೂ ಮೊಬೈಲಿನಲ್ಲೇ ಕಾದಿರಿಸುವ ಈ ಕಾಲದಲ್ಲಿ ಬಸ್‌ಸ್ಟ್ಯಾಂಡ್ ರಸ್ತೆಯ ಟ್ರಾವೆಲ್ ಏಜೆಂಟರ ಅಗತ್ಯವೇನು ಎಂಬ ಪ್ರಶ್ನೆ ಸಹಜ. ಹಡಗಿನ ಕಂಪನಿಗಳು ಕಮಿಷನ್ ಆಧಾರದ ಮೇಲೆ ಏಜೆಂಟರ ಮೂಲಕವೂ ವ್ಯಾಪಾರ ಮಾಡುತ್ತವೆ. ಏಜೆಂಟರ ಮೂಲಕ ಹೋದ ಮಾತ್ರಕ್ಕೆ ಗ್ರಾಹಕನಿಗೆ ದರ ಹೆಚ್ಚಬೇಕೆಂದೇನೂ ಇಲ್ಲ. ಮೊದಲ ಬಾರಿ ಹಡಗು ಹತ್ತುವ ವೃದ್ಧ ತಂದೆತಾಯಿಗೆ ಯಾವ ಅಂತಸ್ತಿನ ಕೊಠಡಿ ಒಳ್ಳೆಯದು, ಸಸ್ಯಾಹಾರ ಮತ್ತು ಜೈನ ಊಟದ ವ್ಯವಸ್ಥೆ ಹೇಗಿದೆ, ಅಲೆಯ ಹೊಯ್ದಾಟಕ್ಕೆ ಯಾವ ಭಾಗ ಮೇಲು ಎಂಬುದನ್ನು ಕನ್ನಡದಲ್ಲಿ ಕೂತು ಹೇಳುವವರು ಬೇಕು. ತೊಂದರೆಯಾದಾಗ ಎದುರು ನಿಂತು ಕೇಳಲು ಒಂದು ಅಂಗಡಿಯ ಬಾಗಿಲಿರುವುದು ಸಣ್ಣ ಅನುಕೂಲವಲ್ಲ.

ಆದರೆ ಆ ಅನುಕೂಲಕ್ಕೆ ಬೆಲೆ ಬರಬೇಕಾದರೆ ಏಜೆಂಟರೂ ಒಂದು ಶಿಸ್ತಿಗೆ ಒಳಪಡಬೇಕು. ಮನೆಯ ಬಾಗಿಲಿನಿಂದ ಮನೆಯ ಬಾಗಿಲಿನವರೆಗಿನ ಒಟ್ಟು ಖರ್ಚನ್ನು ಒಂದೇ ಹಾಳೆಯಲ್ಲಿ, ಸಹಿ ಮೊಹರಿನೊಡನೆ ಬರೆದುಕೊಡುವ ಪದ್ಧತಿ ಬರಬೇಕು. ಇದನ್ನು ಜಾರಿಗೆ ತರಲು ವಾಣಿಜ್ಯ ಸಂಸ್ಥೆಗಿಂತ ಸೂಕ್ತ ವೇದಿಕೆ ಇಲ್ಲ. ಇಂಥ ಹಾಳೆಯನ್ನು ಕೊಡಲು ಒಪ್ಪುವ ಏಜೆಂಟರ ಪಟ್ಟಿಯನ್ನು ಸಂಸ್ಥೆಯು ವರ್ಷಕ್ಕೊಮ್ಮೆ ಪ್ರಕಟಿಸಬಹುದು. ಜೊತೆಗೆ ಸದಸ್ಯ ಕುಟುಂಬಗಳನ್ನು ಒಟ್ಟುಗೂಡಿಸಿ ಸಾಮೂಹಿಕವಾಗಿ ಕಾದಿರಿಸಬಹುದು. ಹಲವು ಅಂತರರಾಷ್ಟ್ರೀಯ ಕಂಪನಿಗಳು ನಿರ್ದಿಷ್ಟ ಸಂಖ್ಯೆಯ ಪ್ರಯಾಣಿಕರ ಗುಂಪಿಗೆ ಒಂದು ಉಚಿತ ಹಾಸಿಗೆಯನ್ನೋ ಅದರ ಮೌಲ್ಯದ ರಿಯಾಯಿತಿಯನ್ನೋ ನೀಡುತ್ತವೆ. ಸಗಟು ಖರೀದಿಯ ಲಾಭವನ್ನು ಎಪಿಎಂಸಿಯ ವರ್ತಕರಿಗೆ ಹೇಳಿಕೊಡಬೇಕಾಗಿಲ್ಲ. ಇಪ್ಪತ್ತು ಕುಟುಂಬಗಳು ಬಿಡಿಬಿಡಿಯಾಗಿ ಕೇಳುವ ದರಕ್ಕೂ, ಒಂದು ಸಂಸ್ಥೆಯ ಪತ್ರದ ಮೇಲೆ ಕೇಳುವ ದರಕ್ಕೂ ವ್ಯತ್ಯಾಸವಿರಲೇಬೇಕು.

ಊರಿನ ಹಣವನ್ನು ಹೊರಗೆ ಕಳುಹಿಸುವ ಕೆಲಸಕ್ಕೆ ವಾಣಿಜ್ಯ ಸಂಸ್ಥೆ ಏಕೆ ಕೈ ಹಾಕಬೇಕೆಂದು ಆಕ್ಷೇಪಿಸುವವರೂ ಇರಬಹುದು. ಆ ಆಕ್ಷೇಪದಲ್ಲಿ ತಿರುಳಿಲ್ಲದಿಲ್ಲ. ಆದರೆ ಸದಸ್ಯರು ಹೇಗೂ ಹೋಗುತ್ತಿದ್ದಾರೆ. ಕಾದಿರಿಸುವಿಕೆ ಹೊರ ಊರಿನ ಕಂಪನಿಗಳ ಮೂಲಕ ನಡೆದು ಕಮಿಷನ್ ಕೂಡ ಹೊರಗೇ ಉಳಿಯುತ್ತಿದೆ. ಸ್ಥಳೀಯವಾಗಿ ಕಾದಿರಿಸಿದರೆ ಅಷ್ಟಾದರೂ ಊರಿನಲ್ಲಿ ಉಳಿಯುತ್ತದೆ. ಇದಕ್ಕಿಂತ ದೊಡ್ಡ ಲಾಭ ಬೇರೊಂದಿದೆ.

ಹಂಪಿಯ ಗಲ್ಲೆಯ ಮುಂದೆ ನಿಂತ ಅತಿಥಿ

ಹಡಗಿನಲ್ಲಿ ಗುಪ್ತ ಶುಲ್ಕಗಳಿಗೆ ಸಿಟ್ಟಾಗುವ ಹೊಸಪೇಟೆಯ ವರ್ತಕನು ಮರಳಿ ಬಂದು ತನ್ನ ಗಲ್ಲೆಯ ಹಿಂದೆ ಕೂತಾಗ, ಹಂಪಿಗೆ ಬರುವ ಅತಿಥಿ ಅದೇ ಸ್ಥಾನದಲ್ಲಿ ನಿಂತಿರುತ್ತಾನೆ. ಹೊಸಪೇಟೆ ರೈಲು ನಿಲ್ದಾಣದಲ್ಲಿ ಇಳಿದ ಕುಟುಂಬಕ್ಕೆ ಆಟೋ ದರ ಎಷ್ಟೆಂದು ಗೊತ್ತಿರುವುದಿಲ್ಲ. ಹೊಟೇಲಿನ ದರವು ಉತ್ಸವದ ದಿನಗಳಲ್ಲಿ ಎಷ್ಟಕ್ಕೆ ಏರುವುದೆಂಬ ಫಲಕವಿರುವುದಿಲ್ಲ. ಮಾರ್ಗದರ್ಶಿ, ಪ್ರವೇಶ ಶುಲ್ಕ, ಬ್ಯಾಟರಿ ವಾಹನ, ತೆಪ್ಪ ಎಂದು ಒಂದೊಂದಾಗಿ ಹಣ ಜಾರುತ್ತದೆ. ಇವುಗಳಲ್ಲಿ ಒಂದೊಂದೂ ನ್ಯಾಯವಾದ ದರವೇ ಆಗಿರಬಹುದು. ಆದರೂ ಒಟ್ಟು ಮೊತ್ತವನ್ನು ಮೊದಲೇ ತಿಳಿಯಲಾಗದ ಅತಿಥಿಯ ಮನಸ್ಸಿನಲ್ಲಿ ಮೋಸ ಹೋದೆನೆಂಬ ಭಾವ ಉಳಿಯುತ್ತದೆ. ಹಡಗಿನವರನ್ನು ದೂರುವ ನಾಲಿಗೆಗೆ ಈ ವಿಷಯದಲ್ಲಿ ಮೌನವಾಗಿರುವ ಹಕ್ಕಿಲ್ಲ.

ಹಂಪಿಯ ಹೆಸರಿನಲ್ಲೇ ಒಂದು ‘ಗಾಲಿಗಳ ಮೇಲಿನ ಹಡಗು’ ಓಡುತ್ತದೆ. ವಿಠ್ಠಲ ದೇವಾಲಯದ ಕಲ್ಲಿನ ರಥದಿಂದ ಹೆಸರು ಪಡೆದ ಗೋಲ್ಡನ್ ಚಾರಿಯಟ್ ರೈಲು 2008ರಲ್ಲಿ ಆರಂಭವಾಯಿತು. ಕರ್ನಾಟಕವನ್ನಾಳಿದ ರಾಜವಂಶಗಳ ಹೆಸರುಗಳನ್ನು ಅದರ ಬೋಗಿಗಳಿಗೆ ಇಡಲಾಯಿತು. ಕೆಲವು ವರ್ಷ ನಿಂತು, ಭಾರತೀಯ ರೈಲ್ವೆಯ ಐಆರ್‌ಸಿಟಿಸಿ ಸಂಸ್ಥೆಯ ಕೈಗೆ ಬಂದು, 2024ರ ಡಿಸೆಂಬರ್‌ನಲ್ಲಿ ಮತ್ತೆ ಹೊರಟಾಗ ಐದು ರಾತ್ರಿಗಳ ಪ್ರವಾಸಕ್ಕೆ ತಲೆಗೆ ಸುಮಾರು 4 ಲಕ್ಷ ರೂಪಾಯಿ ದರವಿತ್ತು. ಅದರಲ್ಲಿ ಬರುವ ಅತಿಥಿಗಳು ಊಟ, ನಿದ್ರೆಗಳನ್ನು ರೈಲಿನಲ್ಲೇ ಮುಗಿಸುವುದರಿಂದ ಹೊಸಪೇಟೆಯ ಹೊಟೇಲಿಗೆ ದಕ್ಕುವುದು ಅತ್ಯಲ್ಪ. ಈ ಭಾಗದ ವ್ಯಾಪಾರವನ್ನು ಎತ್ತಿಹಿಡಿದಿರುವುದು ಬಸ್ಸಿನಲ್ಲಿ, ಸಾಮಾನ್ಯ ರೈಲಿನಲ್ಲಿ, ಸ್ವಂತ ಕಾರಿನಲ್ಲಿ ಬರುವ ಕುಟುಂಬಗಳು. ಅವರಿಗೆ ಬೇಕಾದದ್ದು ಐಷಾರಾಮವಲ್ಲ. ಮೊದಲೇ ತಿಳಿಯುವ, ನಂಬಬಹುದಾದ ಒಟ್ಟು ದರ.

ಋತುವು ನವೆಂಬರಿನಿಂದ ಫೆಬ್ರವರಿಯವರೆಗೆ ಮಾತ್ರ ಇರುವುದರಿಂದ ಆಗ ಗಳಿಸದಿದ್ದರೆ ವರ್ಷವಿಡೀ ಕೆಲಸಗಾರರ ಸಂಬಳ ಕೊಡುವುದು ಹೇಗೆ ಎಂದು ಹೊಟೇಲು ಮಾಲೀಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಬಂಡೆಗಳ ನಡುವೆ ನಡೆಯಲು ಯಾರೂ ಬಯಸುವುದಿಲ್ಲ. ಆದರೆ ಪಶ್ಚಿಮ ಕರಾವಳಿಯ ಹಡಗಿಗೂ ಮುಂಗಾರಿನ ನಾಲ್ಕು ತಿಂಗಳು ಕಷ್ಟವೇ. ಹಡಗಿನ ಕಂಪನಿಯು ಋತುವಿನ ದರವನ್ನೂ ಋತುವಲ್ಲದ ದರವನ್ನೂ ತಿಂಗಳುಗಟ್ಟಲೆ ಮೊದಲೇ ಪ್ರಕಟಿಸಿ, ಖಾಲಿ ಕೊಠಡಿಗಳನ್ನು ಅಗ್ಗವಾಗಿ ಮಾರಿ ಹೊಸ ಗ್ರಾಹಕರನ್ನು ಸೃಷ್ಟಿಸುತ್ತದೆ. ಮಳೆಗಾಲದ ನಂತರ ಸಂಡೂರಿನ ಬೆಟ್ಟಗಳು ಹಸಿರಾಗಿ, ಕುಮಾರಸ್ವಾಮಿ ದೇವಾಲಯದ ದಾರಿ ಮಂಜಿನಲ್ಲಿ ಮುಳುಗಿರುವಾಗ ಹೊಸಪೇಟೆಯ ಕೊಠಡಿಗಳನ್ನು ತುಂಬಲು ಇಂಥ ಪ್ರಯತ್ನ ಏಕಾಗಬಾರದು? ಎರಡು ರಾತ್ರಿಯ ವಸತಿ, ಊಟ, ಹಂಪಿ, ಆನೆಗೊಂದಿ, ತುಂಗಭದ್ರಾ ಅಣೆಕಟ್ಟು, ಸಂಡೂರಿನ ಲಂಬಾಣಿ ಕಸೂತಿಯ ಕೇಂದ್ರ ಇವನ್ನೆಲ್ಲ ಒಳಗೊಂಡು, ಬಳಿಕ ಒಂದು ಪೈಸೆಯೂ ಏರದ ಒಂದೇ ದರವನ್ನು ಹತ್ತು ಹೊಟೇಲುಗಳು ಕೂಡಿ ಪ್ರಕಟಿಸಿದರೆ, ಅದು ಹಡಗಿನಿಂದ ಕಲಿತ ಪಾಠದ ಸದುಪಯೋಗ.

ತೆಪ್ಪದ ವಿಷಯವನ್ನೂ ಇಲ್ಲೇ ಹೇಳಬೇಕು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಆನೆಗೊಂದಿಗೆ ಜನರು ದಾಟುತ್ತಿದ್ದ, ಬೆತ್ತದಿಂದ ಹೆಣೆದು ಹೊರಗೆ ಚರ್ಮ ಹೊದಿಸಿದ, ಬುಟ್ಟಿಯಂಥ ದುಂಡನೆಯ ದೋಣಿಗಳನ್ನು ವರ್ಣಿಸಿದ್ದಾನೆ. ಐದು ಶತಮಾನಗಳ ಬಳಿಕವೂ ಅದೇ ಆಕಾರದ ಹರಿಗೋಲು ಅದೇ ನದಿಯಲ್ಲಿ ತೇಲುತ್ತಿದೆ. ಜಗತ್ತಿನ ಯಾವ ಹಡಗು ಕಂಪನಿಯ ಬಳಿಯೂ ಇಂಥ ಪರಂಪರೆಯಿಲ್ಲ. ಅದನ್ನು ನಂಬಿದ ಕುಟುಂಬಗಳಿಗೆ ಅಣೆಕಟ್ಟಿನಿಂದ ನೀರು ಬಿಟ್ಟ ದಿನಗಳಲ್ಲಿ ದುಡಿಮೆಯಿಲ್ಲ. ಕಂಪ್ಲಿಯ ಸೇತುವೆಯೇ ಮುಳುಗುವಂಥ ಪ್ರವಾಹದಲ್ಲಿ ಹರಿಗೋಲು ಇಳಿಸುವಂತೆಯೂ ಇಲ್ಲ. ಪ್ರತಿ ತೆಪ್ಪಕ್ಕೂ ಜೀವರಕ್ಷಕ ಉಡುಪು, ವಿಮೆ ಮತ್ತು ಕಡವಿನಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್‌ಗಳಲ್ಲಿ ದರದ ಫಲಕ ಇವಿಷ್ಟನ್ನು ವಾಣಿಜ್ಯ ಸಂಸ್ಥೆಯು ಸದಸ್ಯರ ನೆರವಿನಿಂದ ಒದಗಿಸಿದರೆ, ಅಂಬಿಗರಿಗೂ ಅತಿಥಿಗಳಿಗೂ ಭರವಸೆ ಹುಟ್ಟುತ್ತದೆ. ಒಂದು ಕುಟುಂಬ ಮೂರು ರಾತ್ರಿ ಹಡಗಿನಲ್ಲಿ ಕಳೆಯುವ ಮೊತ್ತದಲ್ಲಿ ಹಲವಾರು ತೆಪ್ಪಗಳಿಗೆ ಈ ಉಡುಪುಗಳನ್ನು ಕೊಡಿಸಬಹುದು.

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ. ವರ್ತಕ ಬಾಂಧವರು ಕುಟುಂಬ ಸಮೇತ ಕಡಲನ್ನು ಕಾಣಲಿ; ಆದರೆ ಒಟ್ಟು ಖರ್ಚಿನ ಹಾಳೆಯನ್ನು ಕೈಯಲ್ಲಿ ಹಿಡಿದು, ರಸೀದಿಯನ್ನು ಭದ್ರವಾಗಿಟ್ಟು, ಸಾಲದ ಕಂತಿಲ್ಲದೆ ಹೊರಡಲಿ. ಮುಂದಿನ ಪ್ರವಾಸದ ಋತುವಿಗೆ ಮೊದಲು ಏಜೆಂಟರು, ಹೊಟೇಲು ಮಾಲೀಕರು, ಆಟೋ ಚಾಲಕರು ಮತ್ತು ತೆಪ್ಪದವರನ್ನು ಒಂದೇ ಸಭೆಗೆ ಕರೆದು ಒಟ್ಟು ದರದ ಪದ್ಧತಿಯನ್ನು ಚರ್ಚಿಸುವುದು ವಾಣಿಜ್ಯ ಸಂಸ್ಥೆಯ ಮೊದಲ ಕೆಲಸವಾಗಲಿ. ತಾನು ಕೊಳ್ಳುವಾಗ ಬಯಸುವ ಪ್ರಾಮಾಣಿಕ ಲೆಕ್ಕವನ್ನು ತಾನು ಮಾರುವಾಗಲೂ ಕೊಡುವ ಊರಿಗೆ ಅತಿಥಿಗಳು ಎರಡನೆಯ ಬಾರಿಯೂ ಬರುತ್ತಾರೆ.